ಮಗು ಮಲಗಿತೇ?

ಸರ್ಕಾರ ಕೊಟ್ಟ ಜೋಗುಳದ ಪೆಟ್ಟಿಗೆ ಹೌದೆಂದರಷ್ಟೇ ಮಗು ನಿದ್ದೆ ಮಾಡಿದ ಹಾಗೆ. ಒಂದಾದರೂ ನಿದ್ದೆ ದಾಖಲಾಗದೆ ಶಿಶುವಿಹಾರದವರು ಕೂಸನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಬಸ್ ಕಂಡಕ್ಟರ್ ಕಸ್ತೂರೆವ್ವನ ಬಾಣಂತನದ ರಜೆ ಇವತ್ತಿಗೆ ಮುಗಿಯುವುದಿತ್ತು.

ಮಗಳು ಚಂಪಾ ಮಲಗುತ್ತಿರಲಿಲ್ಲವೆಂದಲ್ಲ. ಪೆಟ್ಟಿಗೆ ಇಂಪಾಗಿಯೇ ಹಾಡುತ್ತಿತ್ತು. ಕೂಸು ಕಣ್ಣು ಮುಚ್ಚಿದ್ದೇ ತಡ, ಹಾಡು ನಿಲ್ಲಿಸಿ, "ಮಗು ಮಲಗಿತೇ? ಗಟ್ಟಿಯಾಗಿ ಉತ್ತರಿಸಿ," ಎನ್ನುತ್ತಿತ್ತು. ಕಸ್ತೂರೆವ್ವ "ಹೂಂ!" ಎಂದು ಕೂಗುವಳು. ಚಂಪಾ ಕಿಟಾರನೆ ಕಿರುಚುವಳು.

"ಅಳು ಕೇಳಿಬಂದಿದೆ. ನಿದ್ದೆ ಅಮಾನ್ಯ." ಮತ್ತೆ ಮೊದಲಿಂದ ಹಾಡು.

"ತಿಪ್ಪಿಗೆ ಒಗಿ ಅದನ್ನ," ಎಂದಳು ನಾಳೆ ತಾನೂ ಕೂಲಿಗೆ ಹೋಗಬೇಕಿದ್ದ ಅತ್ತೆ ಬಾಳವ್ವ.

"ಒಗದ್ರ ನಾಳೆ ಕೂಸಿನ್ನ ಬಸ್ಸಿನ್ಯಾಗ ಕುಂಡ್ರಸ್ಲೇನ್ರಿ ಅತ್ತಿ?"

ಮಧ್ಯಾಹ್ನ ಒಂಬತ್ತನೆಯ ಸಲ ಹಾಡಿ ಮುಗಿಸಿ ಪೆಟ್ಟಿಗೆ ಕೇಳಿದಾಗ, ಕಸ್ತೂರೆವ್ವನೇ ತೊಟ್ಟಿಲಿಗೆ ಒರಗಿ ನಿದ್ದೆ ಹೋಗಿದ್ದಳು. ತೊಟ್ಟಿಲೊಳಗೆ ಆ ದನಿಗೆ ಎಚ್ಚೆತ್ತು ಕಣ್ಣು ಪಿಳಿಪಿಳಿ ಬಿಡುತ್ತಿದ್ದ ಚಂಪಾ, ಹುಟ್ಟಿದ ಮೇಲಿನ ತನ್ನ ಮೊದಲ ಮಾತನ್ನು ಗಟ್ಟಿಯಾಗಿ ಆಡಿದಳು: "ಹೂಂ!"

"ಧನ್ಯವಾದಗಳು. ನಿದ್ದೆ ದಾಖಲಾಗಿದೆ," ಎಂದಿತು ಪೆಟ್ಟಿಗೆ.

ಬಾಳವ್ವ ಮೊಮ್ಮಗಳ ದೃಷ್ಟಿ ತೆಗೆದು ನೆಟಿಗೆ ಮುರಿದಳು. "ನನ್ನವ್ವಾ, ಸರಕಾರದ ಕೂಡ ಹ್ಯಾಂಗ ಮಾತಾಡಬೇಕಂತ ನಿಮ್ಮವ್ವಗ ತಿಳೀಲಿಲ್ಲ, ನಿನಗ ತಿಳೀತು ನೋಡು!"