ಉಪಗ್ರಹಕ್ಕೆ ಬಿಟ್ಟ ಕೊಸರು

ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಹೂ ಮಾರುವ ಮಾದೇವಮ್ಮನ ಹತ್ತಿರ ವನಜಾಕ್ಷಿ ಮಿಸ್ ಒಂದು ಮೊಳ ಮಲ್ಲಿಗೆ ಕೊಂಡರು.

"ನಿಮ್ಮ ಮೊಳ ದಿನಾ ಚಿಕ್ಕದಾಗ್ತಾ ಇದೆ ಮಾದೇವಮ್ಮ," ಎಂದು ನಕ್ಕು, ಹೂ ಮುಡಿದು ಒಳಗೆ ಹೋದರು.

ಮಾದೇವಮ್ಮ ನಗಲಿಲ್ಲ. ಪಕ್ಕದಲ್ಲಿದ್ದ ಮಗಳು ಪಲ್ಲವಿಯೂ ನಗಲಿಲ್ಲ...

ಅವತ್ತು ಪಲ್ಲವಿಯ ಆರನೇ ಕ್ಲಾಸಿಗೆ ದಾರಿ ತೋರಿಸುವ ಉಪಗ್ರಹಗಳ ಪಾಠ.

ಬಿಸ್ಕತ್ತಿನ ಡಬ್ಬಕ್ಕೆ ಬೆಳ್ಳಿ ಹಾಳೆ ಸುತ್ತಿ, ರಟ್ಟಿನ ರೆಕ್ಕೆ ಅಂಟಿಸಿ, ಮಕ್ಕಳು ಮೂರು ಉಪಗ್ರಹ ಮಾಡಿ ಮೂರು ಮೂಲೆಗೆ ತೂಗುಹಾಕಿದರು. ಒಂದು ಮಾತ್ರ ಹಾರುವ ಮಿಕ್ಸಿಯಂತಿತ್ತು.

"ನೀವು ಎಷ್ಟು ದೂರ ಇದೀರಿ ಅಂತ ಮಾತ್ರ ಒಂದು ಉಪಗ್ರಹದಿಂದ ಗೊತ್ತಾಗುತ್ತೆ," ಎಂದರು ಮಿಸ್. "ಒಂದೊಂದಕ್ಕೂ ಬೋರ್ಡಲ್ಲಿ ಬರೆದಷ್ಟು ಉದ್ದದ ದಾರ ಕಟ್ಟಿ. ಮೂರೂ ತುದಿ ಎಲ್ಲಿ ಸೇರುತ್ತೋ, ಅಲ್ಲೇ ನೀವಿರೋದು."

ಅಳೆಯಲು ಟೇಪು ಸಿಗಲಿಲ್ಲ. ಮಿಸ್ ತಮ್ಮ ಮೊಳದಷ್ಟೇ ಉದ್ದದ ಕಡ್ಡಿ ಮುರಿದು ಕೊಟ್ಟು, ಬೋರ್ಡಿನ ಅಳತೆಯನ್ನೂ ಮೊಳಕ್ಕೆ ಬದಲಿಸಿದರು.

ಎರಡು ದಾರ ಮಧ್ಯದ ಬೆಂಚಿನ ಮೇಲೆ ಸೇರಿದವು. ಮೂರನೆಯದು ಅಲ್ಲಿ ಜೋತುಬಿತ್ತು. ಬಿಗಿಯಾಗಿ ಎಳೆದರೆ ಬಾಗಿಲು ದಾಟಿ ಹೆಡ್‌ಮಾಸ್ಟರ ರೂಮಿನತ್ತ ಹೊರಟಿತು.

"ಹಾಗಾದ್ರೆ ನಾವೀಗ ಎಲ್ಲಿದೀವಿ ಮಿಸ್?"

ಮಿಸ್ ಬೋರ್ಡು ನೋಡಿದರು, ಉಪಗ್ರಹ ನೋಡಿದರು, ಕೊನೆಗೆ ಫ್ಯಾನು ನೋಡಿದರು...

"ಅದು ಪಲ್ಲವಿ ಅಳೆದ ದಾರ," ಎಂದ ಮಾದೇಶ. "ಅವರಮ್ಮನ ಮೊಳವೇ ಮೋಸ ಅಂತ ಬೆಳಿಗ್ಗೆ ಗೇಟಲ್ಲಿ ನೀವೇ ಅಂದ್ರಲ್ವಾ ಮಿಸ್? ಇವಳದ್ದೂ ಹಂಗೇ."

"ಮೋಸ ಮಾಡಿದ್ರೆ ಕಮ್ಮಿಯಾಗ್ಬೇಕು ಕಣೋ. ಜಾಸ್ತಿ ಹೆಂಗಾಯ್ತು?" ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

ಕ್ಲಾಸಿನ ತಲೆ ಇನ್ನಷ್ಟು ಕೆಟ್ಟಿತು.

ಪಲ್ಲವಿ ತಲೆ ತಗ್ಗಿಸಿ ಹೇಳಿದಳು. "ಪ್ರತಿ ಮೊಳಕ್ಕೂ ಒಂಚೂರು ಕೊಸರು ಬಿಟ್ಟೆ ಮಿಸ್... ಅಮ್ಮ ಯಾವಾಗ್ಲೂ ಬಿಡ್ತಾರೆ. ಆದ್ರೂ ನೀವು ಕಮ್ಮಿ ಅಂದ್ರಿ. ನಂದೂ ಕಮ್ಮಿ ಅನ್ನಬಾರ್ದು ಅಂತ, ಇನ್ನೂ ಸ್ವಲ್ಪ ಬಿಟ್ಟೆ."



ಮಿಸ್ ಮುಡಿಯಿಂದ ಹೂ ತೆಗೆದು, ಅದೇ ಕಡ್ಡಿಯ ಪಕ್ಕ ಇಟ್ಟರು.

ಕಡ್ಡಿ ಮುಗಿಯಿತು... ಮಲ್ಲಿಗೆ ಇನ್ನೂ ನಾಲ್ಕು ಬೆರಳು ಉಳಿದಿತ್ತು.

"ನಿಮ್ಮಮ್ಮನ ಅಳತೆ ಸರಿ ಇದೆ ಪುಟ್ಟಾ. ನನ್ನ ಮಾತೇ ಕಮ್ಮಿ ಬಿತ್ತು." ಎಲ್ಲರಿಗೂ ಕೇಳುವಂತೆ ಹೇಳುವಷ್ಟರಲ್ಲಿ ಮಿಸ್ ಕನ್ನಡಕ ಮಂಜಾಗಿತ್ತು.

ದಾರದ ಕೊಸರು ಕತ್ತರಿಸಿದರು. ಮೂರೂ ತುದಿಗಳು ಒಂದೇ ಕಡೆ ಸೇರಿದವು.

ಸಂಜೆ ಗೇಟಿನಲ್ಲಿ ಮಿಸ್ ಮತ್ತೆ ಹೂ ಕೇಳಿ, "ಕೊಸರು ಬೇಡ ಮಾದೇವಮ್ಮ, ಬೆಳಿಗ್ಗೆ ಹಂಗೆ ಅಂದಿದ್ದು ನನ್ನ ತಪ್ಪು," ಎಂದರು.

ಮಾದೇವಮ್ಮನಿಗೆ ಗಾಬರಿ. "ಯಾಕವ್ವಾ... ನಮ್ ಮಗು ಕ್ಲಾಸಲ್ಲಿ ಏನಾದ್ರೂ ತಪ್ಪು ಮಾಡ್ತಾ?"

ಎನ್ನುತ್ತಲೇ, ಅಭ್ಯಾಸಬಲದಿಂದ, ನಾಲ್ಕು ಬೆರಳು ಹೆಚ್ಚಿಗೇ ಕತ್ತರಿಸಿದರು.

*ತಮಾಷೆಗೆ ಆಡಿದ ಮಾತನ್ನೂ ಒಂದು ಮಗು ಪಕ್ಕದಲ್ಲೇ ನಿಂತು ಅಳೆಯುತ್ತಿರುತ್ತದೆ.*

ಇವತ್ತು ನೀವು ಅಳೆದೇ ನೋಡದೆ ಕಮ್ಮಿ ಅಂದದ್ದು ಯಾರ ಮೊಳವನ್ನು?