ಎಲೆ ಹಂಚುವ ಮುನ್ನ

ಕಲಸಿದ ಇಸ್ಪೀಟು ಪ್ಯಾಕನ್ನು ಸೂಗಪ್ಪ ನಾಚಾರಂ ಕಾರ್ಖಾನೆಯ ಕ್ಯಾಂಟೀನ್ ಮೇಜಿನ ಮೇಲಿಟ್ಟು ಗುರುಬಸವನ ಕಡೆ ಸರಿಸಿದ. ಅಡಿಯಲ್ಲಿ ತಾನೇ ಸೇರಿಸಿಟ್ಟ ಮೂರು ಎಕ್ಕಗಳಿರುವುದು ಸೂಗಪ್ಪನೊಬ್ಬನಿಗೇ ಗೊತ್ತು. ಗುರುಬಸವ ಮೇಲಿನ ಅರ್ಧ ಎತ್ತಿ ಅಡಿಗಿಟ್ಟು ಕಟ್ ಮಾಡಿದರೆ ಅವು ಎಲ್ಲೋ ನಡುವೆ ಹೂತುಹೋಗುತ್ತವೆ. ಮಾಡದಿದ್ದರೆ ಹಂಚುವಾಗ ಅಡಿಯಿಂದಲೇ ಎಳೆದುಕೊಳ್ಳಬಹುದು. ಐದೈದು ಎಲೆ, ಪೋಕರಿನ ಒಂದೇ ಆಟ. ಗೆದ್ದವನಿಗೆ ಎಳ್ಳ ಅಮಾವಾಸ್ಯೆಯ ರಜೆ, ಸೋತವನಿಗೆ ಡ್ಯೂಟಿ. ಇಬ್ಬರಲ್ಲಿ ಒಬ್ಬನನ್ನಷ್ಟೇ ಬಿಡುತ್ತೇನೆಂದು ಸೂಪರ್‌ವೈಸರ್ ಹೇಳುವ ಮೊದಲೇ ಸೂಗಪ್ಪ ಊರಿಗೆ ಹೋಗಲು ಬೀದರ ಬಸ್ಸಿನಲ್ಲಿ ಹೆಂಡತಿ ಮಕ್ಕಳಿಗೂ ಸೇರಿ ನಾಲ್ಕು ಸೀಟು ಹಿಡಿದುಬಿಟ್ಟಿದ್ದ.

ಗುರುಬಸವ ಪ್ಯಾಕನ್ನು ಎತ್ತಲೇ ಇಲ್ಲ. ಹನ್ನೆರಡು ವರ್ಷದಿಂದ ಮಾಡಿಕೊಂಡು ಬಂದಂತೆ ಕಟ್ ಬೇಡವೆಂದು ಎರಡು ಬೆರಳಿನಿಂದ ಅದರ ಬೆನ್ನು ತಟ್ಟಿದ. “ಹಂಚಪಾ. ನಿನ್ನ ಕೈ ಮ್ಯಾಲ ನನಗೇನ್ ಡೌಟ್ ಐತಿ?”

ಬೇಕಾಗಿದ್ದೂ ಅದೇ. ಆದರೂ ಸೂಗಪ್ಪನ ಕೈ ಮುಂದಕ್ಕೆ ಹೋಗಲಿಲ್ಲ. “ಕಟ್ ಮಾಡು,” ಎಂದ.

“ಬ್ಯಾಡ ಬಿಡೋ, ಊಟದ ಟೈಮ್ ಮುಗ್ಯಾಕತ್ತೈತಿ.”

“ಕಟ್ ಮಾಡಂದ್ರ ಮಾಡಲೇ!” ಸೂಗಪ್ಪ ಕಿರುಚಿದ್ದಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

ಗುರುಬಸವನ ಮುಖದ ಮೇಲಿನ ನಗು ಅಲ್ಲೇ ನಿಂತುಹೋಯಿತು. ಅವನು ಸೂಗಪ್ಪನನ್ನು ನೋಡಿದ, ಪ್ಯಾಕನ್ನು ನೋಡಿದ, ಮತ್ತೆ ಸೂಗಪ್ಪನನ್ನು ನೋಡಿದ. ಕಟ್ ಮಾಡಲಿಲ್ಲ. ಇಡೀ ಪ್ಯಾಕನ್ನು ತನ್ನತ್ತ ಎಳೆದುಕೊಂಡು ತಾನೇ ಮೊದಲಿನಿಂದ ಕಲಸತೊಡಗಿದ.