ಹೊಡೆಯದೆ ಬಿಟ್ಟ ಕಾಯಿ

"ನೋಡು, ಮತ್ತೆ ಆರು-ಆರು. ಅದಕ್ಕೆ ಯಾವಾಗ ಬೇಕೋ ಆವಾಗ ಸರಿಯಾಗಿ ಬೀಳತ್ತೆ," ಎಂದು ಶವ್ಕತ್ ಸಾಹೇಬರು ಫೋನನ್ನು ವಹ್ಬಾನ ಮುಖದ ಹತ್ತಿರ ಹಿಡಿದರು. "ಒಳಗೆ ಯಾರೋ ಕೂತ್ಕೊಂಡು ಮೋಸ ಮಾಡ್ತಿದಾನೆ."

ಅಲೆಕ್ಸಾಂಡ್ರಿಯಾದ ಒಂದು ದಾಖಲೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಶವ್ಕತ್ ಮೇಲಧಿಕಾರಿ, ವಹ್ಬಾ ಅವರ ಕೈಕೆಳಗಿನ ಗುಮಾಸ್ತ. ಅಷ್ಟು ವರ್ಷವೂ ಮಧ್ಯಾಹ್ನದ ಚಹಾದ ಹೊತ್ತಿಗೆ ಇಬ್ಬರ ನಡುವೆ ತಾವ್ಲಾ ಹಲಗೆ ಬಿಚ್ಚಿಕೊಳ್ಳುತ್ತಿತ್ತು. ದಾಳ ಹಾಕಿ ಕಾಯಿ ನಡೆಸುವ ಆ ಆಟದಲ್ಲಿ ಗೆಲ್ಲುತ್ತಿದ್ದವರು ಸಾಹೇಬರೇ. ಅವರು ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ಮಗಳು ಫೋನಿನಲ್ಲಿ ಅದೇ ಆಟ ಹಾಕಿಕೊಟ್ಟಿದ್ದಳು, ಎದುರಾಳಿ ಕಂಪ್ಯೂಟರ್. ಆವತ್ತಿನಿಂದ ಸೋಲುತ್ತಲೇ ಇದ್ದರು. ಗುರುವಾರ ಸಂಜೆ ಕ್ಷೇಮ ವಿಚಾರಿಸಲು ಬಂದ ವಹ್ಬಾನನ್ನು ಬಾಲ್ಕನಿಯಲ್ಲಿ ಸಾಕ್ಷಿಗೆಂದು ಕೂರಿಸಿಕೊಂಡು ಆಡುತ್ತಿದ್ದರು.

ವಹ್ಬಾ ನೆನೆಸಿದ ತಿರ್ಮಿಸ್ ಕಾಳಿನ ಸಿಪ್ಪೆ ಬಿಡಿಸುತ್ತ ಪರದೆಯತ್ತ ನೋಡಿದ. ಮೇಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಮಟ್ಟ: ಸುಲಭ' ಎಂದಿತ್ತು. ಓದಿಯೂ ಓದದವನ ಹಾಗೆ ಕಾಳನ್ನು ಬಾಯಿಗೆ ಹಾಕಿಕೊಂಡ. ಸಾಹೇಬರು ಜೋಡಿ ಮುರಿದು ಎರಡು ಕಾಯಿಗಳನ್ನು ಒಂಟಿಯಾಗಿ ಬಿಟ್ಟರು. ಕಂಪ್ಯೂಟರ್ ಎರಡನ್ನೂ ಹೊಡೆದು ಹೊರಗೆ ಹಾಕಿತು.

"ಕಂಡ್ಯಾ?"

"ಒಂಟಿ ಬಿಟ್ರೆ ಹೊಡಿಯತ್ತೆ, ಸಾಹೇಬ್ರೆ." ವಹ್ಬಾನ ಬಾಯಿತಪ್ಪಿ ಬಂದ ಮಾತು ಅದು.

"ಇವತ್ತೇನು ಹೊಸದಾಗಿ ಬಿಟ್ನಾ? ನಿನ್ ಜೊತೆ ಆಡುವಾಗ ದಿನಾ ಹೀಗೇ ಬಿಡ್ತಿದ್ದೆ. ಒಂದು ದಿನ ಆದ್ರೂ ನೀನು ಹೊಡೆದಿದೀಯಾ?"

ವಹ್ಬಾ ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದ ಟ್ರಾಮನ್ನು ನೋಡುತ್ತ ಕೂತ. ಅದು ತಿರುವು ದಾಟಿ ಮರೆಯಾದರೂ ಅತ್ತಲೇ ನೋಡುತ್ತಿದ್ದ. ಸಾಹೇಬರ ಬೆರಳು ಪರದೆಯ ಮೇಲೆ ನಿಂತುಬಿಟ್ಟಿತು.

"ವಹ್ಬಾ, ಯಾಕೆ ಹೊಡೀಲಿಲ್ಲ?"

"ನಾನು ಕೆಲಸಕ್ಕೆ ಸೇರಿದ ವಾರ ನಿಮ್ಮನ್ನ ಮೂರು ಆಟ ಸೋಲಿಸಿದ್ದೆ. ನಿಮಗೆ ನೆನಪಿರಲಿಕ್ಕಿಲ್ಲ. ಮುಂದಿನ ವಾರ ನನ್ನನ್ನ ನೆಲಮಾಳಿಗೆಗೆ ಹಾಕಿದ್ರಿ, ಹಳೇ ಕಡತ ಜೋಡಿಸೋಕೆ. ಏಳು ತಿಂಗಳು."

"ಅಲ್ಲಿ ಆಳು ಬೇಕಿತ್ತು ಮಾರಾಯ. ಅದಕ್ಕೂ ಆಟಕ್ಕೂ ಏನು ಸಂಬಂಧ?"

"ಇರಲಿಕ್ಕಿಲ್ಲ. ಮೇಲೆ ಬಂದ್ಮೇಲೆ ಇನ್ನೊಂದ್ಸಲ ಗೆದ್ದು ನೋಡಿದ್ರೆ ಗೊತ್ತಾಗ್ತಿತ್ತು. ಆಗ ನನ್ನ ಮಗಳಿಗೆ ಎರಡು ತಿಂಗಳು. ಗೆದ್ದು ನೋಡೋ ಧೈರ್ಯ ಬರಲಿಲ್ಲ."

"ಆಮೇಲೆ?"

"ಆಮೇಲೆ ಅಭ್ಯಾಸ ಆಗೋಯ್ತು."

ಅದಕ್ಕಾಗಿ ಕಳಿಸಲಿಲ್ಲ ಎಂದು ಆಣೆ ಮಾಡಿ ಹೇಳಬೇಕೆಂದು ಶವ್ಕತ್ ಬಾಯಿ ತೆರೆದರು. ಆ ವಾರವನ್ನು ನೆನಪಿಸಿಕೊಳ್ಳಲು ನೋಡಿದರು. ನೆಲಮಾಳಿಗೆಯ ತೇವದ ವಾಸನೆಯೊಂದು ಬಿಟ್ಟು ಬೇರೇನೂ ನೆನಪಾಗಲಿಲ್ಲ. ಆಣೆ ಬಾಯಲ್ಲೇ ಉಳಿಯಿತು. ಫೋನನ್ನು ಮಗುಚಿಟ್ಟು ಒಳಗಿದ್ದ ಹೆಂಡತಿಯನ್ನು ಕೂಗಿದರು. "ಇನ್ಸಾಫ್, ತಾವ್ಲಾ ಹಲಗೆ ಎಲ್ಲಿದೆ?"

"ಬೀರು ಮೇಲೆ. ಫೋನಿಗೆ ಸೋತಿದ್ದು ಸಾಲದಾ?"

ಹಲಗೆ ಬಂತು. "ನಿಮ್ಮ ಕೇರಿ ಕಾಫಿ ಅಂಗಡೀಲಿ ಹೇಗೆ ಆಡ್ತೀಯೋ ಹಾಗೆ ಆಡು," ಎಂದರು ಸಾಹೇಬರು.

"ಬೇಡ, ಸಾಹೇಬ್ರೆ."

"ಆಡು ಅಂದೆನಲ್ಲ." ಮಾತು ಕಚೇರಿಯ ದನಿಯಲ್ಲಿ ಬಂದದ್ದು ಅವರ ಕಿವಿಗೇ ಬಿತ್ತು. ತಗ್ಗಿಸಿ, "ಆಡಪ್ಪಾ," ಎಂದರು.

ವಹ್ಬಾ ಅಂಗಿಯ ತೋಳು ಮಡಿಸಿಕೊಂಡ. ಮೊದಲ ದಾಳಕ್ಕೇ ಬೇರೆ ಮನುಷ್ಯನಾದ. ಶವ್ಕತ್ ದಾಳದ ಚುಕ್ಕೆ ಎಣಿಸುವಷ್ಟರಲ್ಲಿ ಅವನು ಕಾಯಿ ನಡೆಸಿ ಮುಗಿಸಿರುತ್ತಿದ್ದ. ಆರು-ಐದು ಬಿದ್ದರೆ "ಶೇಷ್-ಬೇಷ್" ಎಂದು ಎದುರು ಮನೆಗೂ ಕೇಳುವಂತೆ ಕೂಗುತ್ತಿದ್ದ. ಅವನಿಗೆ ಅಂಥ ಗಂಟಲಿದೆ ಎಂಬುದೇ ಸಾಹೇಬರಿಗೆ ಗೊತ್ತಿರಲಿಲ್ಲ. "ಎಲ್ಲಿಗೆ ಓಡ್ತೀರಿ, ಬಾಗಿಲು ಹಾಕಿಯಾಯ್ತು," ಎಂದು ಒಮ್ಮೆ ಹಂಗಿಸಿಯೂ ಬಿಟ್ಟು, ತಕ್ಷಣ ನಾಲಿಗೆ ಕಚ್ಚಿಕೊಂಡ.

"ನಾಲಿಗೆ ಬಿಡು. ದಾಳ ಹಾಕು."

ಮೊದಲ ಆಟದಲ್ಲಿ ಶವ್ಕತ್‌ರ ಒಂದು ಕಾಯಿಯೂ ಹಣ್ಣಾಗಲಿಲ್ಲ. ಎರಡನೆಯದರಲ್ಲೂ ಅಷ್ಟೇ. ಮೂರನೆಯದಕ್ಕೆ ಅವರು ಕನ್ನಡಕ ಒರೆಸಿಕೊಂಡು ಕೂತರು. ಒಂಟಿ ಕಾಯಿ ಬಿಡುವ ಮೊದಲು ಎರಡೆರಡು ಸಲ ಯೋಚಿಸಿದರು. ಚಹಾ ಆರಿ ಹೋಯಿತು. ಕೊನೆಗೆ ಸೋತರು, ಎರಡೇ ಕಾಯಿಯಿಂದ. ಇದಾದರೂ ನಿಜವೋ ಎಂದು ವಹ್ಬಾನ ಮುಖ ನೋಡಿದರು. ಸಮುದ್ರದ ಗಾಳಿ ಬೀಸುತ್ತಿದ್ದರೂ ಅವನ ಹಣೆ ಬೆವರಿತ್ತು. ಶವ್ಕತ್‌ಗೆ ಸಮಾಧಾನವಾಯಿತು.

ಮುಸ್ಸಂಜೆಯ ಮಗ್ರಿಬ್ ಬಾಂಗ್ ಕೇಳಿ ವಹ್ಬಾ ಎದ್ದು ಚಪ್ಪಲಿ ಮೆಟ್ಟಿಕೊಂಡ. ಸಾಹೇಬರು ಹೊರಗೆ ಮೆಟ್ಟಿಲ ತನಕ ಬಂದರು. ಇಷ್ಟು ವರ್ಷದಲ್ಲಿ ಅವನನ್ನು ಅಲ್ಲಿಯವರೆಗೆ ಬಂದು ಬೀಳ್ಕೊಟ್ಟದ್ದು ಅದೇ ಮೊದಲು.

"ಬರೋ ಗುರುವಾರ?"

"ಬರ್ತೀನಿ."

ಅವನು ಅರ್ಧದಷ್ಟು ಮೆಟ್ಟಿಲು ಇಳಿದಿದ್ದ. "ವಹ್ಬಾ," ಎಂದು ಮೇಲಿಂದ ಕರೆದರು. "ಕಚೇರಿಯಲ್ಲಿ ನಾನು ಜೋಕು ಹೇಳಿದಾಗ ನೀವೆಲ್ಲ ನಗ್ತಿದ್ರಲ್ಲ?"

ವಹ್ಬಾ ಕಂಬಿ ಹಿಡಿದು ನಿಂತ. ಇನ್ನೊಂದು ಕೈಯ ಬೆರಳು ಮಡಿಸುತ್ತ ಒಂದೊಂದಾಗಿ ನೆನಪಿಸಿಕೊಂಡ.

"ಒಂದಕ್ಕೆ ನಿಜವಾಗ್ಲೂ ನಗು ಬಂದಿತ್ತು, ಸಾಹೇಬ್ರೆ," ಎಂದು ಹೇಳಿ ಇಳಿದು ಹೋದ.

ಶವ್ಕತ್ ಕಂಬಿಯ ಮೇಲೆ ಪೂರ್ತಿ ಬಗ್ಗಿ, ಕತ್ತಲಾಗುತ್ತಿದ್ದ ಮೆಟ್ಟಿಲುಗಳತ್ತ ಕೇಳಿದರು, "ಯಾವುದಕ್ಕೆ?"